ಕಡ್ಡಿಯ ಮೇಲಿನ ಗೆರೆ

ಆಗಸ್ಟ್ ೧೭, ಸೋಮವಾರ

ಕಾಯಿಲೆ ಮನುಷ್ಯನಿಗೆ ಬೈಯಬಾರದು ಅಂತ ಡಾಕ್ಟರಮ್ಮ ಹೇಳಿದ್ದಾಳೆ. ಅವರ ಬಿ.ಪಿ. ಏರುತ್ತಂತೆ. ನನ್ನ ಬಿ.ಪಿ. ಯಾರು ನೋಡ್ತಾರೋ ಕಾಣೆ. ಗಂಡನನ್ನು ಬಾಂಗ್ ಬಾಂಗ್ ಅಂತ ಕರೀತಾ, ಬಾಯಿ ತುಂಬ ಬೈದುಕೊಂಡೇ ಮೂವತ್ತು ವರ್ಷ ಸಂಸಾರ ಮಾಡಿದವಳು ನಾನು, ಈಗ ಬಾಯಿಗೆ ಬೀಗ. ಅದಕ್ಕೇ ಈ ಡೈರಿ. ನಿವೃತ್ತಿಯಾದಾಗ ಶಾಲೆ ಆಫೀಸಿನವರು ಕೊಟ್ಟದ್ದು, ಖಾಲಿ ಬಿದ್ದಿತ್ತು. ಎದುರಿಗೆ ಆಡಲಾಗದ್ದನ್ನೆಲ್ಲ ಇನ್ನು ಇದರ ಮುಂದೆ ಆಡ್ತೀನಿ.

ಮೊದಲ ಬೈಗುಳ ನನ್ನ ಸವತಿಗೆ. ಸವತಿ ಅಂದರೆ ಇವರ ಕಾರು. ಬಿಳೀದು, ಆಟೋಮ್ಯಾಟಿಕ್ ಗೇರಿನದು, ನಮ್ಮ ಮದುವೆಗಿಂತ ನಾಲ್ಕಾರು ವರ್ಷಕ್ಕೆ ಚಿಕ್ಕದು. ನನ್ನ ಬೆನ್ನು ಯಾವತ್ತೂ ಒತ್ತದವರು ಅದರ ಬಾನೆಟ್ಟು ಮಾತ್ರ ಶುಕ್ರವಾರ ಶುಕ್ರವಾರ ಒರೆಸ್ತಿದ್ದರು.

ಏಪ್ರಿಲ್‌ನಲ್ಲಿ ಇವರಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೇಳಿದ ಮಾತು ಕೇಳೋದಿಲ್ಲ. ಮಾತು ಬರುತ್ತೆ, ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವರ ಹಾಗೆ. ಪ್ರತಿ ಮಂಗಳವಾರ ಘಾಟಿ ಹತ್ತಿ ಸೆರೆಂಬಾನಿನ ಆಸ್ಪತ್ರೆಗೆ ವ್ಯಾಯಾಮಕ್ಕೆ ಕರೆದುಕೊಂಡು ಹೋಗಬೇಕು. ಇಷ್ಟು ದಿನ ತಂಗಿ ಎಸಾಳ ಅಳಿಯ ತನ್ನ ವ್ಯಾನಿನಲ್ಲಿ ಬಿಡ್ತಿದ್ದ. ಅವನಿಗೆ ಈಗ ದೂರದ ಕುಆಂತಾನಿಗೆ ವರ್ಗ.

ಎಸಾ ಪಕ್ಕದ ಮನೆ. ನಡುವೆ ಬೇಲಿಯೂ ಇಲ್ಲ. ಸಂಜೆ ಬಂದವಳೇ, "ಅಕ್ಕ, ಆ ಡಬ್ಬ ಮಾರಿಬಿಡು. ಮಲಾಕಾದಲ್ಲಿ ಹನಾಫಿ ಅಂತ ಒಬ್ಬ ಇದ್ದಾನೆ, ಮದುವೆ ಬಾಡಿಗೆಗೆ ಹಳೆ ಕಾರು ಹುಡುಕ್ತಿದ್ದಾನೆ. ಬಂದದ್ದಕ್ಕೆ ಒಂದಿಷ್ಟು ಸೇರಿಸಿ ಚಿಕ್ಕದೊಂದು ತಗೋ, ನಿನ್ನ ಕೈಗೆ ಬಗ್ಗೋವಂಥದ್ದು" ಅಂದಳು.

"ರಂಜಾನ್ ಹಬ್ಬದೊಳಗೆ ಮಾರೋಣ" ಅಂದೆ. ಒಳಗೆ ಕುರ್ಚಿಯಲ್ಲಿ ಇವರು ಕೇಳಿಸಿಕೊಂಡರು. ಅನ್ನ ಉಣ್ಣಿಸುವಾಗ ನಿಧಾನಕ್ಕೆ ಅಂದರು, "ಮಾರೋ ಮುಂಚೆ... ಓಡಿಸಿ ನೋಡು. ಘಾಟಿ ಹತ್ತದಿದ್ದರೆ ಮಾರು. ಹತ್ತಿದರೆ ಇಟ್ಕೋ."

"ಆಯ್ತು" ಅಂದೆ. ಕಾಯಿಲೆಯವರಿಗೆ ಆಯ್ತು ಅನ್ನೋದಕ್ಕೆ ಏನು ಖರ್ಚು.

ಮಲಗಿದ ಮೇಲೆ ಯೋಚನೆ ಬಂತು. ಈ ಮನೆ ಅಮ್ಮನಿಂದ ನನಗೆ ಬಂದದ್ದು, ನನಗೆ ಮಕ್ಕಳಿಲ್ಲ, ಮುಂದೆ ಎಸಾಳ ಮಗಳಿಗೆ ಹೋಗೋದು. ಮದುವೆಯಾಗಿ ಹೆಂಡತಿ ಮನೆಗೆ ಬಂದ ಗಂಡಸಿಗೆ ಇದರಲ್ಲಿ ಒಂದು ಮೊಳೆಯೂ ಸೇರೋದಿಲ್ಲ, ನಮ್ಮ ಕಡೆ ಪದ್ಧತಿಯೇ ಅದು. ಮೋಟು ಮರದ ಮೇಲಿನ ಬೂದಿ ಅಂತ ನಮ್ಮವರು ಅಳಿಯಂದಿರಿಗೆ ಅನ್ನೋದು, ಗಾಳಿ ಬಂದರೆ ಹೋಯ್ತು ಅಂತ. ಇವರದು ಅಂತ ಇರೋದು ಆ ಕಾರೊಂದೇ.

ಇರಲಿ. ಅದಕ್ಕೆ ನಾನೇನು ಮಾಡಲಿ. ನನಗೆ ನಿದ್ದೆ ಬರ್ತಿದೆ.

ಆಗಸ್ಟ್ ೧೯, ಬುಧವಾರ

ಇವತ್ತು ಸವತಿಯನ್ನು ಹೊರಗೆ ತೆಗೆದೆ. ಲೈಸೆನ್ಸಿಗೇನು ಕೊರತೆ ಇಲ್ಲ, ಧೈರ್ಯಕ್ಕೆ ಕೊರತೆ. ಮಾರ್ಕೆಟ್ಟಿನ ತನಕ ಹೋಗಿ, ಹೊಳೆ ಸೇತುವೆ ಸುತ್ತಿ ಬಂದೆ. ಕಾರೇನೋ ಬೆಣ್ಣೆಯ ಹಾಗೆ ಓಡ್ತು, ಸುಳ್ಳು ಹೇಳಬಾರದು.

ಗೇಟಿನ ಹತ್ತಿರ ಬಂದಾಗ ತಾಪತ್ರಯ. ಇವರು ಯಾವಾಗಲೂ ಹಿಮ್ಮುಖ ತಂದು ನಿಲ್ಲಿಸ್ತಿದ್ದರು, ಕಾರಿನ ಮೂತಿ ಗೇಟಿನ ಕಡೆ. ನಾನು ಹಿಂದೆ ತಿರುಗಿ ನೋಡಿದರೆ ಎಡ ಯಾವುದು ಬಲ ಯಾವುದು ಅಂತಲೇ ಮರೆತುಹೋಗುತ್ತೆ. ಸೀದಾ ಮೂತಿ ನುಗ್ಗಿಸಿ ನಿಲ್ಲಿಸಿದೆ.

ಎಸಾ ಮೆಟ್ಟಿಲ ಮೇಲೆ ನಿಂತು ನೋಡ್ತಿದ್ದಳು. "ಯಾಕಕ್ಕ, ಹಿಮ್ಮುಖ ಬರಲ್ವಾ?"

"ಪೋರ್ಚು ಸರಿಯಿಲ್ಲ" ಅಂದೆ.

"ಕುಣೀಲಾರದವಳು ನೆಲ ಡೊಂಕು ಅಂದಳಂತೆ" ಅಂತ ನಕ್ಕೊಂಡು ಒಳಗೆ ಹೋದಳು. ಅವಳ ನಾಲಿಗೆಗೆ ಲಕ್ವ ಹೊಡೆಯೋದಿಲ್ಲ.

ಆಮೇಲೆ ಗೇರ್ ಎಣ್ಣೆ ನೋಡೋ ಶಾಸ್ತ್ರ. ನಾಲ್ಕು ತಿಂಗಳು ನಿಂತ ಕಾರು, ನೋಡಲೇಬೇಕು ಅಂತ ಹಟ ಹಿಡಿದರು. ಪ್ಲಾಸ್ಟಿಕ್ ಕುರ್ಚಿ ಬಾಗಿಲ ಹತ್ತಿರ ಹಾಕಿಸಿಕೊಂಡು ಕೂತರು, ನವಾಬರ ಹಾಗೆ. ಕಾರು ಗೇಟಿನ ಕಡೆ ಉರುಳದ ಹಾಗೆ ಹಿಂದಿನ ಗಾಲಿಗೆ ಕಲ್ಲು ಕೊಟ್ಟೆ.

"ಇಂಜಿನ್ ಆರಿಸಬೇಡ. ಬ್ರೇಕ್ ತುಳಿ. ಗೇರಿನ ಹಿಡಿ... ಮೇಲಿಂದ ಕೆಳಗೆ, ಎಲ್ಲ ಮನೆಗೂ ಹೋಗಿ ಬರಲಿ. ಒಂದೊಂದರಲ್ಲೂ ಸ್ವಲ್ಪ ನಿಲ್ಲು."

"ಯಾಕೆ, ಹಬ್ಬಕ್ಕೆ ಕರೆಯೋಕಾ?"

"ಎಣ್ಣೆ ಎಲ್ಲ ಕಡೆ ತುಂಬಲಿ ಅಂತ. ಈಗ ಪಾರ್ಕಿಂಗಿಗೆ ತಾ. ಎಣ್ಣೆ ಅಳೆಯೋ ಕಡ್ಡಿ ಎಳಿ."

ಬಾನೆಟ್ಟಿನ ಒಳಗೆ ಕಣ್ಣಿಗೆ ಬೀಳೋ ಜಾಗದಲ್ಲಿ ಇಂಜಿನ್ನಿನ ಕಡ್ಡಿ ಇದೆ. ಗೇರಿನದು ಇನ್ನೊಂದು, ಒಳಗೆ ಅಡಗಿಕೊಂಡಿದೆ, ಬಿಸಿ ಬೇರೆ. ಎಳೆದು, ಒರೆಸಿ, ಮತ್ತೆ ಪೂರ್ತಿ ಇಳಿಸಿ, ಮತ್ತೆ ಎಳೆಯಬೇಕು. ಒರೆಸೋಕೆ ಟವೆಲ್ ತಂದೆ. ನೂಲು ಉದುರೋ ಬಟ್ಟೆ ಆಗೋದಿಲ್ಲವಂತೆ, ಒಂದು ಎಳೆ ಒಳಗೆ ಹೋದರೂ ಗೇರ್‌ಬಾಕ್ಸಿಗೆ ಕೆಟ್ಟದ್ದು. ಇವರ ಹಳೆ ಬನಿಯನ್ನೇ ಬೇಕಾಯಿತು.

ಎಣ್ಣೆ ಕೆಂಪಗೆ ಚೆನ್ನಾಗಿತ್ತು, ದಾಸವಾಳದ ರಸದ ಹಾಗೆ. ಕಡ್ಡಿಯಲ್ಲಿ ಕಂಪನಿಯವರ ಗುರುತಿಗಿಂತ ಮೇಲಕ್ಕೆ ಇವರದೇ ಒಂದು ಗೆರೆ ಇದೆ, ಅರದಲ್ಲಿ ಉಜ್ಜಿದ್ದು.

"ನನ್ನ ಗೆರೆ ನೋಡು. ಕಂಪನಿದು ನಂಬಬೇಡ. ಈ ಕಡ್ಡಿ ಬೇರೆ ಕಾರಿಂದು ಅನ್ಸುತ್ತೆ. ಗ್ಯಾರೇಜಿನ ಲೋಕ್ ಹಳೇದೆಲ್ಲ ಇಳಿಸಿ, ಅಳೆದು ಹೊಸಾದು ತುಂಬಿದ ದಿನ... ಮನೆಗೆ ಬಂದು ಇಲ್ಲೇ ನೋಡಿ ಹಾಕಿದ ಗೆರೆ. ಹದಿನೈದು ವರ್ಷದಿಂದ ತಪ್ಪಿಲ್ಲ."

ಎಣ್ಣೆ ಆ ಗೆರೆಗಿಂತ ಒಂದು ಬೆರಳು ಕೆಳಗೆ ಇತ್ತು. "ನಿಂತಲ್ಲೇ ಸೋರಿದೆ" ಅಂದರು. ಉದ್ದ ಮೂತಿಯ ಲಾಳಿಕೆ ಇಟ್ಟು ಸ್ವಲ್ಪ ಸ್ವಲ್ಪ ಹೊಯ್ದು, ಮತ್ತೆ ಹಿಡಿ ಆಡಿಸಿ, ಮತ್ತೆ ಕಡ್ಡಿ ನೋಡಿ, ಗೆರೆಗೆ ತಂದೆ. ಒಂದು ಬಾಟಲಿಯಲ್ಲಿ ತಳ ಮಾತ್ರ ಉಳಿಯಿತು. ಅಂಗಿ ತೋಳಿಗೆ ಕೆಂಪು ಕಲೆ.

"ಪರವಾಗಿಲ್ಲ, ಬರುತ್ತೆ ನಿನಗೆ" ಅಂದರು. ಅಡಿಗೆಗೂ ಒಂದು ದಿನ ಹಾಗೆ ಅಂದವರಲ್ಲ.

ಆಗಸ್ಟ್ ೨೫, ಮಂಗಳವಾರ

ಉಪವಾಸ ಶುರುವಾಗಿ ನಾಲ್ಕನೇ ದಿನ. ಉಪವಾಸ ಮಾಡಿಕೊಂಡು ಬುಕಿತ್ ಪುತುಸ್ ಘಾಟಿಯಲ್ಲಿ ಕಾರು ಓಡಿಸಿದವಳಿಗೆ ಸ್ವರ್ಗದಲ್ಲಿ ಒಂದು ಬಾಗಿಲು ಬೇರೆಯೇ ಇರಬೇಕು.

ಅರ್ಧ ಹತ್ತಿದ ಮೇಲೆ ಕಾರಿಗೆ ಏನೋ ಆಯಿತು. ನಾನು ತುಳೀತೀನಿ, ಇಂಜಿನ್ ಕೂಗುತ್ತೆ, ಕಾರು ಮುಂದಕ್ಕೆ ಹೋಗೋದಿಲ್ಲ. ಒಂದು ಕ್ಷಣ ಬಿಟ್ಟು ದಡಕ್ಕನೆ ಎಳೆಯುತ್ತೆ. ಹಿಂದೆ ಮರದ ದಿಮ್ಮಿ ಲಾರಿಯವನು ಹಾರನ್ನು ಒತ್ತಿದ್ದೇ ಒತ್ತಿದ್ದು. ನನ್ನ ಬೆನ್ನು ಬೆವರಿ ಸೀಟಿಗೆ ಅಂಟಿತ್ತು.

ಇವರು ಪಕ್ಕದಲ್ಲಿ ಕೂತು ಕಿವಿಕೊಟ್ಟು ಕೇಳ್ತಿದ್ದರು. "ಜಾರ್ತಿದೆ. ಗೇರ್ ಜಾರ್ತಿದೆ. ಎಣ್ಣೆ ಸಾಲದು."

ಹೇಗೋ ಹೋಗಿ ಹೇಗೋ ಬಂದೆವು.

ಆಗಸ್ಟ್ ೨೬, ಬುಧವಾರ

ಮತ್ತೆ ಕಡ್ಡಿ. ಈ ಸಲ ಎಣ್ಣೆಯಲ್ಲಿ ಗುಳ್ಳೆ ಗುಳ್ಳೆ. ಎಲ್ಲಿಗೆ ನಿಂತಿದೆ ಅಂತ ಸರಿಯಾಗಿ ಕಾಣೋದೂ ಇಲ್ಲ. ಗುಳ್ಳೆ ಒಡೆದ ಮೇಲೆ ನೋಡಿದರೆ ಗೆರೆಗಿಂತ ಸ್ವಲ್ಪ ಕೆಳಗೆ ಅನ್ನಿಸಿತು.

"ಕಮ್ಮಿ ಇದ್ದು ಗಾಳಿ ಎಳೀತಿದೆ. ಇನ್ನೂ ಸ್ವಲ್ಪ ಹಾಕು" ಅಂದರು.

ಹಾಕಿದೆ.

ಸೆಪ್ಟೆಂಬರ್ ೧, ಮಂಗಳವಾರ

ಘಾಟಿಯ ಬುಡಕ್ಕೂ ತಲುಪಲಿಲ್ಲ. ಸುಟ್ಟ ವಾಸನೆ, ಬಾನೆಟ್ಟಿನ ಕೆಳಗಿಂದ ಹೊಗೆ. ರಬ್ಬರ್ ತೋಟದ ಹತ್ತಿರ ಪಕ್ಕಕ್ಕೆ ನಿಲ್ಲಿಸಿ ನೋಡಿದರೆ ಗೇರ್‌ಬಾಕ್ಸಿನ ಮೇಲಿಂದ ಕೆಂಪು ಎಣ್ಣೆ ಕಕ್ಕಿಕೊಂಡು, ಬಿಸಿ ಕೊಳವೆ ಮೇಲೆ ಬಿದ್ದು ಹೊಗೆಯಾಡ್ತಿದೆ. ಆರೋ ತನಕ ಕಾದು, ಆಮೆ ನಡಿಗೆಯಲ್ಲಿ ವಾಪಸ್ಸು. ಇವತ್ತಿನ ವ್ಯಾಯಾಮ ತಪ್ಪಿತು.

ಇವರನ್ನು ಇಳಿಸಿಕೊಳ್ಳುವಾಗ ನನ್ನ ಹೆಗಲು ಹಿಡಿದು ಅಲ್ಲೇ ನಿಂತರು.

"ಸಾವಿಯಾ, ನಾನು ಹೇಳಿದ್ದರಲ್ಲಿ ತಪ್ಪೇನಿತ್ತು?"

"ನನಗೇನು ಗೊತ್ತು ಬಾಂಗ್, ನೀವು ಹೇಳಿದ್ದು ಮಾಡಿದೆ."

"ಎಲ್ಲ ನೆನಪಿದೆ ಅಂದ್ಕೊಂಡಿದ್ದೆ. ಹಿಡಿ ಆಡಿಸೋದು, ಕಡ್ಡಿ ಒರೆಸೋದು... ಏನೋ ಒಂದು ಮರೆತಿದ್ದೀನಿ. ಏನು ಮರೆತಿದ್ದೀನಿ ಅನ್ನೋದೇ ಮರೆತಿದೆ." ನನ್ನ ಹೆಗಲು ಬಿಡದೆಯೇ ಅಂದರು, "ಕೈಕಾಲು ಮಾತ್ರ ಅಲ್ಲ ಕಣೇ. ತಲೆಯೂ ಹೋಗಿದೆ. ಮಾರಿಬಿಡು."

ಸೆಪ್ಟೆಂಬರ್ ೩, ಗುರುವಾರ

ಬಾಗಿಲ ಹತ್ತಿರದ ಕುರ್ಚಿ ಬೇಡ ಅಂತಾರೆ. ಹಿಂದಿನ ಕೋಣೆಯಲ್ಲಿ ಗೋಡೆ ನೋಡಿಕೊಂಡು ಕೂತಿರ್ತಾರೆ. ಊಟವೂ ಸರಿಯಾಗಿಲ್ಲ. ಊರೆಲ್ಲ ಉಪವಾಸ, ನಾನೊಬ್ಬ ತಿನ್ನೋದಾ ಅಂತ ಒಂದು ನೆಪ. ಕಾಯಿಲೆಯವರಿಗೆ ಉಪವಾಸ ಇಲ್ಲ ಅಂತ ಮಸೀದಿಯ ಇಮಾಮರೇ ಬಂದು ಹೇಳಿದ್ದಾರೆ. ಬೇಯಿಸಿದ ಮೀನಿನ ಮುಳ್ಳು ಬಿಡಿಸಿ ಇಟ್ಟೆ, ಹಾಗೇ ಇತ್ತು.

"ತಿನ್ನದಿದ್ದರೆ ಮತ್ತೆ ಮೂಗಿಗೆ ನಳಿಗೆ ಹಾಕ್ತಾರೆ. ಗಂಜಿ ಬಿಡೋ ಆ ದೊಡ್ಡ ಸಿರಿಂಜು ಇನ್ನೂ ಬೀರುವಿನಲ್ಲೇ ಇದೆ, ಹೊಸ ನಳಿಗೆಯೂ ಒಂದಿದೆ" ಅಂತ ಹೆದರಿಸಿದೆ.

"ಹಾಕಲಿ" ಅಂದರು.

ಲೋಕ್‌ಗೆ ಫೋನ್ ಮಾಡಿದೆ. ಹಬ್ಬದ ಮುಂಚೆ ಎಲ್ಲರಿಗೂ ಕಾರು ರಿಪೇರಿ ಆಗಬೇಕು, ಅವನ ಗ್ಯಾರೇಜಿನಲ್ಲಿ ಕಾಲಿಡೋಕೆ ಜಾಗವಿಲ್ಲ. "ಹಬ್ಬ ಕಳೀಲಿ ಅಕ್ಕ, ಬಿಚ್ಚಿ ನೋಡ್ತೀನಿ. ಅಲ್ಲಿ ತನಕ ದೂರ ಓಡಿಸಬೇಡಿ. ಗಾಡಿಗೂ ವಯಸ್ಸಾಯ್ತಲ್ಲ" ಅಂದ. ಅವನು ಅಂದದ್ದರಲ್ಲಿ ತಪ್ಪಿಲ್ಲ. ಆದರೂ ಸಿಟ್ಟು ಬಂತು. ವಯಸ್ಸು ಯಾರಿಗೆ ಆಗೋದಿಲ್ಲ?

ಎಸಾ ಹನಾಫಿಗೆ ಹೇಳಿದ್ದಾಳಂತೆ. ಹದಿಮೂರನೇ ತಾರೀಕು ಭಾನುವಾರ ಬರ್ತಾನೆ. ಗೇರ್ ಕೆಟ್ಟಿದ್ದರೂ ಪರವಾಗಿಲ್ಲವಂತೆ, ಬೇರೆ ಹಾಕಿಸ್ತಾನಂತೆ. ನಾನು ಕೇಳಿದ್ದು ಇದೇ ತಾನೆ? ಮಾರಿ ಚಿಕ್ಕ ಕಾರು ತರೋದು. ಖುಷಿಯಾಗಬೇಕಿತ್ತು.

ಸೆಪ್ಟೆಂಬರ್ ೬, ಭಾನುವಾರ

ಬರೆಯೋಕೆ ಏನೂ ಇಲ್ಲ. ಪೋರ್ಚಿನಲ್ಲಿ ಕಾರು ಇದೆ, ಕೋಣೆಯಲ್ಲಿ ಇವರು ಇದ್ದಾರೆ. ಎರಡೂ ಮಾತಾಡೋದಿಲ್ಲ.

ಸೆಪ್ಟೆಂಬರ್ ೯, ಬುಧವಾರ

ಇವತ್ತಿನದು ಬರೆದುಬಿಡಬೇಕು, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರೋದಿಲ್ಲ.

ಮಸೀದಿಗೆ ಗಂಜಿ ಬೇಯಿಸೋ ಸರದಿ ನಮ್ಮ ಎರಡು ಮನೆಯದು. ಅಮ್ಮನ ಕಾಲದ ದೊಡ್ಡ ಪಾತ್ರೆ, ಎರಡು ಕಡೆ ಹಿಡಿ ಇರೋದು. ಪೋರ್ಚಿನಲ್ಲಿ ಕಾರಿನ ಪಕ್ಕದಲ್ಲೇ ಗ್ಯಾಸ್ ಒಲೆ ಇಟ್ಟೆವು. ಅಮ್ಮನ ಅಳತೆ ಒಂದೇ, ನೀರು ಹಿಡಿಯ ಕೆಳಗಿನ ಮೊಳೆ ಮುಟ್ಟಬೇಕು. ನಾನು ಮನೆ ಬಾಗಿಲ ಕಡೆ ನಿಂತು ಕೊಡದಿಂದ ಹೊಯ್ತಿದ್ದೆ, ಎಸಾ ಗೇಟಿನ ಕಡೆ ನಿಂತು ಅಕ್ಕಿ ತೊಳೀತಿದ್ದಳು.

"ಸಾಕು ಸಾಕು, ನಿಲ್ಲಿಸು" ಅಂದಳು.

"ಎಲ್ಲಿ ಸಾಕು? ಮೊಳೆಗೆ ಇನ್ನೂ ಎರಡು ಬೆರಳು ಬೇಕು."

"ಕಣ್ಣು ಸರಿ ಇದೆಯಾ ನಿನಗೆ? ಮೊಳೆ ಮುಳುಗಿ ಆಯ್ತು."

"ನಿನಗೆ ಹಸಿವಿಗೆ ತಲೆ ತಿರುಗ್ತಿದೆ. ಈ ಕಡೆ ಬಂದು ನೋಡು."

"ನೀನೇ ಈ ಕಡೆ ಬಾ. ಊರಿಗೆಲ್ಲ ಗಂಜಿ ಬದಲು ತಿಳಿ ಕುಡಿಸ್ತೀಯಾ?"

ಜಗಳಕ್ಕೇ ಆ ಕಡೆ ಹೋದೆ. ಮೊಳೆ ನೀರಿನೊಳಗೆ. ಈ ಕಡೆ ಬಂದೆ. ಎರಡು ಬೆರಳು ಕಮ್ಮಿ. ಎಸಾಳೂ ಸುತ್ತು ಹಾಕಿದಳು. ಇಬ್ಬರೂ ಒಂದೇ ಪಾತ್ರೆ ಸುತ್ತ ಗಾಣದ ಎತ್ತಿನ ಹಾಗೆ ಸುತ್ತಿದೆವು. ಆಮೇಲೆ ಅವಳೇ, "ಥೂ, ನೆಲ ಓರೆ ಅಲ್ವಾ. ಅಮ್ಮ ಹೇಳಿ ಮಾಡಿಸಿದ್ದು, ತೊಳೆದ ನೀರು ಗೇಟಿನ ಕಡೆ ಹೋಗಲಿ ಅಂತ" ಅಂದಳು.

ಕೊಡ ಕೆಳಗಿಟ್ಟೆ. ಪಕ್ಕದಲ್ಲಿ ಕಾರು ಇತ್ತು. ಅದರ ಮೂತಿ ಮನೆ ಕಡೆ, ನಾನು ನಿಂತ ಕಡೆಯೇ. ಗೇರಿನ ಕಡ್ಡಿ ಇರೋದು ಮೂತಿಯ ಕಡೆಯೇ. ಮನೆ ಕಡೆಯಿಂದ ನೋಡಿದರೆ ಕಮ್ಮಿ, ಗೇಟಿನ ಕಡೆಯಿಂದ ನೋಡಿದರೆ ಜಾಸ್ತಿ. ಮೂವತ್ತು ವರ್ಷದಿಂದ ಈ ನೆಲ ತೊಳೆದವಳು ನಾನು. ಗಾಲಿಗೆ ಕಲ್ಲು ಕೊಟ್ಟವಳೂ ನಾನೇ. ಕಾರು ಉರುಳುತ್ತೆ ಅಂತ ಹೊಳೀತು, ಒಳಗಿನ ಎಣ್ಣೆಯೂ ಒಂದು ಕಡೆಗೆ ಹೋಗುತ್ತೆ ಅಂತ ಹೊಳೆಯಲಿಲ್ಲ ನೋಡು.

ಒದ್ದೆ ಕೈಯಲ್ಲೇ ಹಿಂದಿನ ಕೋಣೆಗೆ ಹೋದೆ.

"ಬಾಂಗ್, ಆ ಗೆರೆ ಹಾಕಿದ ದಿನ ಕಾರಿನ ಮೂತಿ ಯಾವ ಕಡೆ ಇತ್ತು?"

"ಯಾವಾಗಲೂ ಗೇಟಿನ ಕಡೆಯೇ."

"ಆಮೇಲೂ? ಎಣ್ಣೆ ನೋಡಿದಾಗಲೆಲ್ಲ?"

"ಗೇಟಿನ ಕಡೆಯೇ. ಯಾಕೆ?"

"ನಾನು ನಿಲ್ಲಿಸಿದ್ದು ಯಾವ ಕಡೆ?"

ಎಡಗೈ ಮುಂದೆ ಚಾಚಿ, ಅಂಗೈ ಒಂದು ಕಡೆ ಓರೆ ಮಾಡಿದರು, ಇನ್ನೊಂದು ಕಡೆ ಓರೆ ಮಾಡಿದರು. ನಾನು ಹೂಂ ಅಂದೆ. ಇಳಿಜಾರಿನಲ್ಲಿ ನಿಂತ ಕಾರಿಗೆ ಇವರು ಗೆರೆ ಹಾಕಿದ್ದರು, ಅದೇ ಇಳಿಜಾರಿನಲ್ಲಿ ಅದೇ ಥರ ನಿಲ್ಲಿಸಿ ನೋಡೋ ತನಕ ಗೆರೆ ಸರಿಯೇ. ನಾನು ತಿರುಗಿಸಿ ನಿಲ್ಲಿಸಿದೆ. ಎಣ್ಣೆ ಸರಿಯಾಗೇ ಇತ್ತು, ನಾವಿಬ್ಬರೂ ಸೇರಿ ಕಂಠಮಟ್ಟ ಕುಡಿಸಿಬಿಟ್ಟಿದ್ದೆವು. ಎತ್ತಿಗೆ ಜ್ವರ ಅಂತ ಎಮ್ಮೆಗೆ ಬರೆ ಹಾಕಿದ ಹಾಗೂ ಅಲ್ಲ, ಜ್ವರವೇ ಇಲ್ಲದ ಎತ್ತಿಗೆ ಬರೆ.

"ಜಾಸ್ತಿಯಾದರೂ ನೊರೆ ಬರುತ್ತೆ. ನೊರೆ ಗೇರನ್ನ ಹಿಡಿಯಲ್ಲ, ಜಾರುತ್ತೆ. ಗೊತ್ತಿತ್ತು ನನಗೆ" ಅಂದರು. "ಗೊತ್ತಿತ್ತು, ಆದರೆ ಕಡ್ಡಿ ಕಮ್ಮಿ ಅಂತಿತ್ತು."

"ಹಾಗಾದರೆ ತಲೆ ಹೋಗಿಲ್ಲ."

ಇವರು ಅತ್ತುಬಿಟ್ಟರು. ಲಕ್ವ ಹೊಡೆದ ದಿನ ಅಳದವರು. ನಾನೂ ಪಕ್ಕದಲ್ಲಿ ಕೂತು ಅತ್ತೆ. ಗಂಜಿ ತಳ ಹಿಡೀತು, ಎಸಾ ಹೊರಗಿಂದ ಕೂಗ್ತಾನೇ ಇದ್ದಳು.

ಸೆಪ್ಟೆಂಬರ್ ೧೦, ಗುರುವಾರ

ಹಿಮ್ಮುಖ ತಂದೆ.

ಮೊದಲ ಸಲ ಗೇಟಿನ ಕಂಬಕ್ಕೆ ಉಜ್ಜಿತು. ಎರಡನೇ ಸಲ ಅಮ್ಮನ ಮಲ್ಲಿಗೆ ಕುಂಡ ಹೋಯಿತು. ಇವರು ಮತ್ತೆ ಬಾಗಿಲ ಹತ್ತಿರದ ಕುರ್ಚಿಗೆ ಬಂದು, ಎಡಗೈ ಎತ್ತಿ "ಎಡಕ್ಕೆ, ಇನ್ನೂ ಎಡಕ್ಕೆ" ಅಂತಿದ್ದರು. ಹಿಂದೆ ತಿರುಗಿ ನೋಡಿದರೆ ಅವರ ಎಡ ನನಗೆ ಬಲವಾಗಿ ಕಾಣುತ್ತೆ ಅಂತ ಮೂರನೇ ಸಲಕ್ಕೆ ಗೊತ್ತಾಯಿತು. ನಾಲ್ಕನೇ ಸಲ ಸೀದಾ ಬಂತು. ಕಲ್ಲನ್ನು ಈಗ ಮುಂದಿನ ಗಾಲಿಗೆ ಕೊಟ್ಟೆ.

ಇಂಜಿನ್ ಓಡ್ತಿರುವಾಗಲೇ ಹಿಡಿ ಎಲ್ಲ ಮನೆಗೂ ಆಡಿಸಿ, ಕಡ್ಡಿ ಎಳೆದೆ. ಎಣ್ಣೆ ಇವರ ಗೆರೆಗಿಂತ ಎಷ್ಟೋ ಮೇಲೆ. ಇವರಿಗೆ ತೋರಿಸಿದೆ. ಮಗು ಮುಖ ನೋಡಿದ ಹಾಗೆ ನೋಡಿದರು.

ಇನ್ನು ತೆಗೆಯೋದು ಹೇಗೆ? ಕೆಳಗೆ ನುಗ್ಗಿ ಬೋಲ್ಟು ಬಿಚ್ಚೋದು ನನ್ನಿಂದ ಆಗೋದಿಲ್ಲ, ಇವರಿಂದ ಮೊದಲೇ ಆಗೋದಿಲ್ಲ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು, ನಾನು ಬೀರುವಿನ ಕಡೆ ನೋಡಿದೆ, ಇವರೂ ನೋಡಿದರು. ಮೂಗಿಗೆ ಹಾಕೋ ಹೊಸ ನಳಿಗೆ, ಗಂಜಿಯ ಸಿರಿಂಜು. ಇಂಜಿನ್ ಆರಿಸಿ, ಕಡ್ಡಿಯ ತೂತಿನೊಳಗೆ ನಳಿಗೆ ಇಳಿಸಿ ಎಳೆದೆ. ಕೆಂಪು ಎಣ್ಣೆ ನಿಧಾನಕ್ಕೆ ಏರಿ ಬಂತು. ತೆಗೆದು ಬಾಟಲಿಗೆ ಬಿಟ್ಟೆ, ಮತ್ತೆ ಇಳಿಸಿದೆ. ಮೇ ತಿಂಗಳಲ್ಲಿ ಇದೇ ಸಿರಿಂಜಿನಲ್ಲಿ ಇವರಿಗೆ ಹಾಲು ಬಿಡ್ತಿದ್ದೆ. ಆಗ ಒಳಗೆ ತಳ್ಳೋದು, ಈಗ ಹೊರಗೆ ಎಳೆಯೋದು.

"ನಿಧಾನ, ಗಾಳಿ ಎಳೀಬೇಡ" ಅಂದರು.

"ನನಗೆ ಹೇಳಿಕೊಡಬೇಡಿ. ಇದರಲ್ಲಿ ನಿಮಗಿಂತ ನನಗೆ ಅನುಭವ ಜಾಸ್ತಿ" ಅಂದೆ.

ಸ್ವಲ್ಪ ಎಳೆದು, ಇಂಜಿನ್ ಹಾಕಿ ಕಡ್ಡಿ ನೋಡೋದು, ಆರಿಸಿ ಮತ್ತೆ ಎಳೆಯೋದು. ಮಧ್ಯಾಹ್ನದ ನಮಾಜಿನ ಕರೆ ಆಗೋ ಹೊತ್ತಿಗೆ ಎಣ್ಣೆ ಗೆರೆಗೆ ಬಂದು ಕೂತಿತು. ಬಣ್ಣ ಇನ್ನೂ ಕೆಂಪೇ, ತುದಿಯಲ್ಲಿ ಚೂರು ಕಂದು. ಮೂಸಿ ನೋಡಿಸಿದೆ. "ಪೂರ್ತಿ ಸುಟ್ಟಿಲ್ಲ, ಬದುಕಿದೆ" ಅಂದರು. ಸಾಯಂಕಾಲ ಮೀನು ತಾವೇ ಕೇಳಿ ತಿಂದರು.

ಸೆಪ್ಟೆಂಬರ್ ೧೩, ಭಾನುವಾರ

ಬೆಳಿಗ್ಗೆ ಘಾಟಿ ಹತ್ತಿದೆವು. ಜಾರಲಿಲ್ಲ, ಕೂಗಲಿಲ್ಲ, ಹೊಗೆಯೂ ಇಲ್ಲ. ನನ್ನ ಸವತಿ ಒಂದೇ ಉಸಿರಿಗೆ ಮೇಲೆ ತಂದಳು. ತುದಿಯಲ್ಲಿ ನಿಲ್ಲಿಸಿ ನೋಡಿದರೆ ಕೆಳಗೆ ಒಂದು ತೊಟ್ಟೂ ಸೋರಿಲ್ಲ. ಇವರು ಎಡಗೈಯಲ್ಲಿ ಡ್ಯಾಶ್‌ಬೋರ್ಡ್ ಸವರುತ್ತಾ ಕೂತಿದ್ದರು.

ಮನೆಗೆ ಬಂದರೆ ಹನಾಫಿ ಬಂದು ಕೂತಿದ್ದ. ಒಳ್ಳೆ ಮನುಷ್ಯನೇ. ಸುತ್ತ ನೋಡಿ, ಇಂಜಿನ್ ಕೇಳಿ, "ಗೇರ್ ಕೆಟ್ಟಿದೆ ಅಂದಿರಲ್ಲ, ಚೆನ್ನಾಗೇ ಇದೆ. ನಾನು ಹೇಳಿದ್ದಕ್ಕಿಂತ ಜಾಸ್ತಿಯೇ ಕೊಡ್ತೀನಿ" ಅಂದ.

ಎಸಾ ನನ್ನ ಸೊಂಟಕ್ಕೆ ತಿವಿದಳು. ಇವರು ನೆಲ ನೋಡ್ತಾ, "ಕರೆಸಿದ್ದೀಯ. ಕೊಟ್ಟುಬಿಡು. ಎಷ್ಟು ದಿನ ನಿನಗೆ ಈ ಕಷ್ಟ" ಅಂದರು.

ಅಷ್ಟು ದಿನದ್ದು ಒಟ್ಟಿಗೇ ಬಂತು ನನಗೆ. "ಘಾಟಿ ಹತ್ತಿದರೆ ಇಟ್ಕೋ ಅಂದೋರು ಯಾರು? ನೀವೇ ತಾನೆ? ಹತ್ತಿತಲ್ಲ! ದಿನಾ ಬಿಸಿ ಇಂಜಿನ್ನಿನಲ್ಲಿ ಕೈ ಸುಟ್ಟುಕೊಂಡು, ಅಮ್ಮನ ಕುಂಡ ಒಡೆದು, ಉಪವಾಸದಲ್ಲಿ ಎಣ್ಣೆ ಮೂಸಿಕೊಂಡು ನಾನು ಸರಿ ಮಾಡೋದು, ನೀವು ಒಂದು ಮಾತಲ್ಲಿ ಕೊಟ್ಟುಬಿಡು ಅನ್ನೋದು. ಬಾಯಿಗೆ ಬಂದದ್ದು ಆಡಬೇಡಿ, ಸುಮ್ಮನೆ ಕೂತ್ಕೊಳ್ಳಿ" ಅಂತ ಬೈದೆ. ಪೂರ್ತಿ ಧ್ವನಿಯಲ್ಲಿ.

ಹನಾಫಿ ಬೂಟು ಹುಡುಕ್ತಿದ್ದ. ಅವನಿಗೆ ಹಬ್ಬದ ಬಿಸ್ಕತ್ತಿನ ಡಬ್ಬ ಕ್ಷಮೆ ಕೇಳಿ ಕೊಟ್ಟು ಕಳಿಸಿದೆ. ಎಸಾ, "ಭಾವನ ಬಿ.ಪಿ.!" ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದಳು. ಮಿಷನ್ನು ಕಟ್ಟಿ ನೋಡಿದೆವು. ಹೋದ ವಾರಕ್ಕಿಂತ ಕಮ್ಮಿ ಇತ್ತು. ಇವರು ನಗ್ತಿದ್ದರು, ಬಾಯಿ ಒಂದು ಕಡೆಗೆ ಮಾತ್ರ ಹೋಗುತ್ತೆ, ಆದರೆ ನಗ್ತಿದ್ದರು.

ಸೆಪ್ಟೆಂಬರ್ ೨೪, ಗುರುವಾರ

ಹಬ್ಬದ ಗದ್ದಲದಲ್ಲಿ ಡೈರಿ ಕೈಗೇ ಬರಲಿಲ್ಲ. ಬೈಯೋದು ಇದ್ದರೆ ಈಗ ಎದುರಿಗೇ ಬೈದುಬಿಡ್ತೀನಿ, ಬರೆಯೋಕೆ ಉಳಿಯೋದಿಲ್ಲ. ಇವತ್ತಿನದೊಂದು ಬರೆದಿಡ್ತೀನಿ.

ನೆಂಟರ ಮನೆ ಸುತ್ತಿ ಬಂದು, ಹಿಮ್ಮುಖ ನಿಲ್ಲಿಸೋವಾಗ ಕಂಬಕ್ಕೆ ಮತ್ತೆ ತಾಗಿಸಿದೆ. ಇಳಿದು ಬಾಗಿಲು ದಡ್ ಅಂತ ಹಾಕಿ ಅಂದೆ, "ಈ ಮೂತಿ ಗೇಟಿನ ಕಡೆಗೇ ಯಾಕೆ ಇರಬೇಕಿತ್ತು ನಿಮಗೆ? ಎಲ್ಲರ ಹಾಗೆ ಸೀದಾ ನುಗ್ಗಿಸಿದ್ದರೆ ಏನಾಗ್ತಿತ್ತು?"

ಇವರನ್ನು ಇಳಿಸಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರಿಸಿದ ಮೇಲೆ ಅಂದರು, "ಕಾರು ತಂದ ಹೊಸದರಲ್ಲಿ ನಿಮ್ಮಮ್ಮನಿಗೂ ನನಗೂ ಒಂದು ಮಾತು ಬಂತು. ನೆನಪಿದೆಯಾ? ಬಂದ ದಾರಿಯಲ್ಲಿ ಹೋಗಬಹುದು ಅಂದರು ಅವರು. ಮದುವೆಯಾಗಿ ಬಂದ ಗಂಡಸು ನಾನು. ಹೋಗು ಅಂದರೆ ಹೋಗಬೇಕು. ಹೋಗೋ ದಿನ ಹಿಂದೆ ಮುಂದೆ ಮಾಡ್ಕೊಂಡು ನಗೆಗೀಡಾಗಬಾರದು, ಸೀದಾ ಹೊರಟುಬಿಡಬೇಕು ಅಂತ... ಮೂತಿ ಆ ಕಡೆ ಇಟ್ಟೆ. ಆಮೇಲೆ ಅಭ್ಯಾಸ ಆಯ್ತು."

ಇಷ್ಟು ವರ್ಷ ದಿನಾ ಸಂಜೆ ಆ ಕಾರು ಹಿಮ್ಮುಖ ಬರೋದನ್ನ ಈ ಅಡಿಗೆಮನೆ ಕಿಟಕಿಯಿಂದಲೇ ನೋಡಿದ್ದೀನಿ. ಚಂದ ಓಡಿಸ್ತಾರೆ ಅಂದುಕೊಂಡಿದ್ದೆ, ಅಷ್ಟೇ.

"ಅಮ್ಮ ಹೋಗಿ ಹತ್ತು ವರ್ಷ ಆಯ್ತು ಬಾಂಗ್" ಅಂದೆ.

"ಹೂಂ." ಕೋಲು ಊರಿ ಎದ್ದರು. "ಸಾವಿಯಾ, ತಿರುಗಿಸು. ಮೂತಿ ಒಳಗೆ ಮಾಡಿ ನಿಲ್ಲಿಸು. ಎಣ್ಣೆ ಈಗ ಸರಿ ಇದೆ. ಅದು ಎಲ್ಲಿಗೆ ನಿಲ್ಲುತ್ತೋ ಅಲ್ಲಿಗೆ ಹೊಸ ಗೆರೆ ಹಾಕೋಣ."

ಹೊರಗೆ ತೆಗೆದು, ಸೀದಾ ಒಳಗೆ ನುಗ್ಗಿಸಿದೆ. ಬ್ರೇಕ್ ತುಳಿದು ಹಿಡಿ ಆಡಿಸಿ, ಕಡ್ಡಿ ಎಳೆದು, ಒರೆಸಿ, ಇಳಿಸಿ, ಮತ್ತೆ ಎಳೆದೆ. ಹಳೆ ಗೆರೆಯ ಕೆಳಗೆ ಒಂದು ಬೆರಳು, ಕೆಂಪಗೆ. ಇಂಜಿನ್ ಆರಿಸಿದೆ. ಉಪಕರಣದ ಪೆಟ್ಟಿಗೆಯಿಂದ ಅರ ತೆಗೆಸಿಕೊಂಡರು. ನಾನು ಕಡ್ಡಿಯನ್ನು ಕುರ್ಚಿಯ ತೋಳಿನ ಮೇಲೆ ಒತ್ತಿ ಹಿಡಿದೆ, ಇವರು ಎಡಗೈಯಲ್ಲಿ ಉಜ್ಜಿದರು. ಬಲಗೈಯನ್ನೂ ಎತ್ತಿ ಕಡ್ಡಿಯ ಮೇಲೆ ಇಟ್ಟರು, ಹಿಡಿತ ಇಲ್ಲದಿದ್ದರೂ. ಗೆರೆ ಸ್ವಲ್ಪ ಸೊಟ್ಟ ಬಂತು.

"ಸಾಕು, ಕಾಣುತ್ತೆ" ಅಂದೆ.

"ತಾಳು" ಅಂದರು. ಅರವನ್ನು ಮೇಲಕ್ಕೆ ಸರಿಸಿ ಹಳೆ ಗೆರೆಯ ಮೇಲೆ ಇಟ್ಟರು. ಅದು ಹಾಗೇ ಇರಲಿ ಬಿಡಿ ಅಂತ ನಾನು ಅಂದೆ. ಕೇಳಲಿಲ್ಲ. ಅದು ನುಣ್ಣಗಾಗೋ ತನಕ ಉಜ್ಜಿದರು.

ಕಡ್ಡಿಯನ್ನು ಬನಿಯನ್ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಒಳಗೆ ಇಳಿಸಿದೆ. ನೆಲದ ಮೇಲೆ ಒಂದಿಷ್ಟು ಕಬ್ಬಿಣದ ಪುಡಿ ಬಿದ್ದಿತ್ತು. ನೀರು ಹಾಕಿದೆ, ಗೇಟಿನ ಕಡೆಗೆ ಹರಿದುಹೋಯಿತು.